ಪುಸ್ತಕದ ಲೆಕ್ಕ, ಮೇಜಿನ ಲೆಕ್ಕ

ಆ ದಿನ ಆಟ ಮುಗಿಯುವುದಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ನನ್ನ ತಮ್ಮ ತನ್ನ ದಾಳಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡ. ಯಾರೂ ಗಮನಿಸಲಿಲ್ಲ. ಉಳಿದ ಮೂವರು, ಆಟದ ಕಥೆಯಲ್ಲಿ ಸೇತುವೆಯ ಆಚೆ ನಿಂತಿದ್ದ ಓರ್ಕ್ ಎಂಬ ರಾಕ್ಷಸರನ್ನು ಹೇಗೆ ಸುಡುವುದು ಅಂತ ಜೋರಾಗಿ ಚರ್ಚೆ ಮಾಡುತ್ತಿದ್ದರು. ಅವನ ಸರದಿ ಬಂದಾಗ ಒಂದೆರಡು ದಾಳ ಹೊರಗೆ ತೆಗೆದ. ಉರುಳಿಸಿದ. "ತಾಗಿತು, ಹನ್ನೊಂದು" ಅಂದ. ಮತ್ತೆ ಚೀಲಕ್ಕೆ ಹಾಕಿದ. ಎಲ್ಲರೂ ಹೊರಟು ಹೋದ ಮೇಲೆ ಕೇಳಿದ: "ಅಕ್ಕಾ, ಮುಂದಿನ ವಾರ ನಾನು ಇರಲೇಬೇಕಾ?"

ಆ ಪ್ರಶ್ನೆ ಕೇಳಿ ಸುಮಾರು ಒಂದು ವರ್ಷವಾಯಿತು. ಪಾತ್ರಗಳ ರೇಸ್ (ಯಾವ ಕುಲ) ಮತ್ತು ಕ್ಲಾಸ್‌ಗಳ (ಯಾವ ಕಸುಬು) ಸಮತೋಲನದ ಬಗ್ಗೆ ನಾನು ಅಂದುಕೊಂಡಿದ್ದು ಎಷ್ಟು ತಪ್ಪು ಅನ್ನೋದು ಅರ್ಥವಾಗುವುದಕ್ಕೆ ಅಷ್ಟು ಕಾಲ ಬೇಕಾಯಿತು.

ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ, 2014ರಲ್ಲಿ ಬಂದ ಐದನೇ ಆವೃತ್ತಿ. ಆಟ ನಡೆಸುವುದು ನಾನು. ನನ್ನ ಗೆಳತಿಯದು ಎಲ್ಫ್ ಕುಲದ ವಿಝರ್ಡ್, ಅಂದರೆ ಮಂತ್ರಗಾತಿ. ನನ್ನ ಸಹೋದ್ಯೋಗಿಯೊಬ್ಬರದು ಡ್ವಾರ್ಫ್ (ಕುಳ್ಳರ ಕುಲ) ಕ್ಲೆರಿಕ್, ಗಾಯ ವಾಸಿಮಾಡುವ ಪುರೋಹಿತ. ಅವರು ಕರೆದುಕೊಂಡು ಬಂದ ಹುಡುಗನದು ಆರಾಕೋಕ್ರಾ ರೋಗ್, ಅಂದರೆ ರೆಕ್ಕೆಯಿರುವ ಹಕ್ಕಿಮನುಷ್ಯ, ಬೀಗ ಮುರಿಯುವುದರಲ್ಲಿ ಗಟ್ಟಿಗ. ನನ್ನ ತಮ್ಮನದು ಮನುಷ್ಯ ಫೈಟರ್, ಅಂದರೆ ಯೋಧ. ದೊಡ್ಡ ಕತ್ತಿ, ದಪ್ಪ ಕವಚ. ಆಗ ಎಲ್ಲರೂ ಐದನೇ ಲೆವೆಲ್.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅವನ ಕತ್ತಿಗೆ ಬಲ ತುಂಬಿದೆ. ಒಂದು ಗುಹೆಯಲ್ಲಿ +2 ಮಾಂತ್ರಿಕ ಕತ್ತಿ, ಅಂದರೆ ಗುರಿಯ ದಾಳಕ್ಕೂ ಏಟಿಗೂ 2 ಕೂಡಿಸುವ ಕತ್ತಿ, ಸಿಗುವ ಹಾಗೆ ಮಾಡಿದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಗ್ರೇಟ್‌ಸೋರ್ಡ್‌ಗೆ ಆರು ಮುಖದ ಎರಡು ದಾಳ, ಸರಾಸರಿ 7. ಅವನ ಶಕ್ತಿಯಿಂದ ಇನ್ನೊಂದು 4. ಒಟ್ಟು 11. ಇಪ್ಪತ್ತು ಮುಖದ ದಾಳದಲ್ಲಿ 8 ಅಥವಾ ಜಾಸ್ತಿ ಬಿದ್ದರೆ ಏಟು ತಾಗುತ್ತದೆ ಅಂದುಕೊಳ್ಳಿ, ಅಂದರೆ ನೂರಕ್ಕೆ 65 ಸಲ. ಐದನೇ ಲೆವೆಲ್‌ನಲ್ಲಿ ಸರದಿಗೆ ಎರಡು ಏಟು. ಸರಾಸರಿ ಸುಮಾರು 14. ಹೊಸ ಕತ್ತಿ ಬಂದ ಮೇಲೆ ಸುಮಾರು 19. ಒಳ್ಳೆಯ ಏರಿಕೆಯೇ.

ಅದೇ ಲೆವೆಲ್‌ನಲ್ಲಿ ವಿಝರ್ಡ್‌ಗೆ ಫೈರ್‌ಬಾಲ್ ಎಂಬ ಸ್ಪೆಲ್ (ಮಂತ್ರ) ಸಿಗುತ್ತದೆ. ಆರು ಮುಖದ ಎಂಟು ದಾಳ, ಸರಾಸರಿ 28. 20 ಅಡಿ ತ್ರಿಜ್ಯದ ಬೆಂಕಿ. ಅದರೊಳಗೆ ನಾಲ್ಕು ಓರ್ಕ್‌ಗಳಿದ್ದು ಇಬ್ಬರು ಅರ್ಧ ತಪ್ಪಿಸಿಕೊಂಡರೂ ಒಟ್ಟು 84 ಆಗುತ್ತದೆ. 84ರ ಪಕ್ಕದಲ್ಲಿ 14 ಇಟ್ಟರೇನು, 19 ಇಟ್ಟರೇನು? ಕತ್ತಿ ಸಿಕ್ಕ ದಿನ ತಮ್ಮ ಖುಷಿಪಟ್ಟ. ಮುಂದಿನ ವಾರ ಮತ್ತೆ ಫೋನ್ ನೋಡುತ್ತಾ ಕೂತ.

ಆಮೇಲೆ ನಾನೊಂದು ನೋಟ್‌ಬುಕ್ ಇಟ್ಟೆ. ನಾಲ್ಕು ಹೆಸರು, ನಾಲ್ಕು ಕಂಬಸಾಲು. ಎಷ್ಟು ಏಟು ಹೊಡೆದರು ಅನ್ನೋದನ್ನು ಬರೆಯಲಿಲ್ಲ. ಆಟದಲ್ಲಿ ಏನಾದರೂ ತಿರುವು ಬಂದಾಗಲೆಲ್ಲ ನನ್ನನ್ನು ನಾನೇ ಕೇಳಿಕೊಂಡೆ: ಈ ಪಾತ್ರ ಇಲ್ಲದಿದ್ದರೆ ಇದು ಹೀಗೆ ನಡೆಯುತ್ತಿತ್ತಾ? ಇಲ್ಲ ಅಂತಾದರೆ ಆ ಹೆಸರಿನ ಕೆಳಗೆ ಒಂದು ಗೆರೆ. ಗೋಡೆಯ ಮೇಲಿಂದ ಹಾರಿ ಬಾಗಿಲು ತೆಗೆದರೆ ಹಕ್ಕಿಗೆ ಒಂದು ಗೆರೆ. ಸಾಯುತ್ತಿದ್ದವರನ್ನು ಎಬ್ಬಿಸಿದರೆ ಕ್ಲೆರಿಕ್‌ಗೆ ಒಂದು.

ನಾಲ್ಕು ಸೆಷನ್ ಹೀಗೆ ಬರೆದೆ. ವಿಝರ್ಡ್‌ನ ಗೆರೆಗಳು ಪಕ್ಕದ ಪುಟಕ್ಕೆ ಹರಿದಿದ್ದವು. ತಮ್ಮನ ಹೆಸರಿನ ಕೆಳಗೆ ಎರಡೇ ಗೆರೆ. ನಾಲ್ಕು ವಾರ ಅವನು ಬಂದು ಕೂತಿದ್ದಾನೆ, ಎರಡೇ ಎರಡು ಸಲ ಅವನಿಂದ ಏನೋ ಆಗಿದೆ. ಆ ಪುಟ ನೋಡಿ ನನಗೆ ತುಂಬಾ ಬೇಜಾರಾಯಿತು.

ಕಾರಣ ಹುಡುಕಲು ನಿಯಮಗಳನ್ನು ಮತ್ತೆ ಓದಿದೆ. ಆಟ ನಡೆಸುವವರ 2014ರ ಕೈಪಿಡಿಯಲ್ಲಿ ಒಂದು ಮಾತಿದೆ. ಸಾಮಾನ್ಯ ತಂಡವೊಂದು ಒಂದು ದಿನದಲ್ಲಿ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಎದುರಾಟಗಳನ್ನು ತಡೆದುಕೊಳ್ಳಬಲ್ಲದು ಅಂತ. ಇಲ್ಲಿ ದಿನ ಅಂದರೆ ಕಥೆಯೊಳಗಿನ ದಿನ, ಒಂದು ಲಾಂಗ್ ರೆಸ್ಟ್‌ನಿಂದ, ಅಂದರೆ ಖರ್ಚಾದ ಶಕ್ತಿ ಮರಳಿ ತರುವ ದೀರ್ಘ ವಿಶ್ರಾಂತಿಯಿಂದ, ಇನ್ನೊಂದಕ್ಕೆ. ನನ್ನ ಕಥೆಯಲ್ಲಿ ದಿನಕ್ಕೆ ಒಂದೇ ಕಾಳಗ. ಅಪರೂಪಕ್ಕೆ ಎರಡು. ಬೇಕೆಂದು ಮಾಡಿದ್ದಲ್ಲ. ವಾರಕ್ಕೊಮ್ಮೆ ಮೂರು ಗಂಟೆ ಆಡುವವರಿಗೆ ಎಂಟು ಕಾಳಗ ಎಲ್ಲಿಂದ ಬರಬೇಕು? ಒಂದು ದೊಡ್ಡ ಕಾಳಗ ಇಟ್ಟು, ಉಳಿದ ಹೊತ್ತು ಮಾತು, ಹುಡುಕಾಟ, ಪ್ರಯಾಣ. ಹೆಚ್ಚಿನವರು ಆಡುವುದೂ ಹೀಗೇ ಇರಬೇಕು.

ಇದರಿಂದ ಆಗುವುದೇನು ನೋಡಿ. ಐದನೇ ಲೆವೆಲ್‌ನ ವಿಝರ್ಡ್‌ಗೆ ಒಂಬತ್ತು ಸ್ಪೆಲ್ ಸ್ಲಾಟ್, ಅಂದರೆ ಮುಂದಿನ ಲಾಂಗ್ ರೆಸ್ಟ್‌ವರೆಗೆ ಮಂತ್ರಕ್ಕೆ ಖರ್ಚು ಮಾಡಲು ಒಂಬತ್ತು ಅವಕಾಶ. ಅದರಲ್ಲಿ ಎರಡು ಫೈರ್‌ಬಾಲ್‌ಗೆ ಸಾಕು. ಎಂಟು ಕಾಳಗಕ್ಕೆ ಒಂಬತ್ತು ಸ್ಲಾಟ್ ಅಂದರೆ ಕೈ ಬಿಗಿ ಹಿಡಿಯಲೇಬೇಕು. ಒಂದೇ ಕಾಳಗಕ್ಕೆ ಒಂಬತ್ತು ಅಂದರೆ ಪ್ರತಿ ಸರದಿಯಲ್ಲೂ ಹಬ್ಬ. ಫೈಟರ್‌ಗೆ ಇದರ ತದ್ವಿರುದ್ಧ. ಅವನ ಕತ್ತಿ ಖಾಲಿಯಾಗುವುದಿಲ್ಲ. ಏಳನೇ ಕಾಳಗದಲ್ಲೂ ಮೊದಲನೆಯದರಷ್ಟೇ ಹೊಡೆಯಬಲ್ಲ. ಆಕ್ಷನ್ ಸರ್ಜ್ (ಅದೇ ಸರದಿಯಲ್ಲಿ ಇನ್ನೊಂದು ಕ್ರಿಯೆ), ಸೆಕೆಂಡ್ ವಿಂಡ್ (ಕಳೆದ ಪ್ರಾಣಬಲ ಸ್ವಲ್ಪ ಮರಳಿ ಪಡೆಯುವುದು) ಎರಡೂ ಒಂದು ಗಂಟೆಯ ಶಾರ್ಟ್ ರೆಸ್ಟ್‌ನಲ್ಲೇ ವಾಪಸ್ ಬರುತ್ತವೆ. ಆದರೆ ಏಳನೇ ಕಾಳಗವೇ ಬಾರದ ಕಥೆಯಲ್ಲಿ ಈ ಗುಣಕ್ಕೆ ಬೆಲೆ ಎಲ್ಲಿ? ಫೈಟರ್ ದುರ್ಬಲ ಅಂತ ನಾನು ಅಂದುಕೊಂಡಿದ್ದೆ. ಅವನು ದುರ್ಬಲನಾಗಿರಲಿಲ್ಲ. ಅವನು ಬೇಕಾಗುವ ಗಳಿಗೆಯನ್ನೇ ನಾನು ಕಥೆಯಿಂದ ಕಿತ್ತು ಹಾಕಿದ್ದೆ.

ಅದೇ ಕೈಪಿಡಿಯಲ್ಲಿ ಇನ್ನೊಂದು ಐಚ್ಛಿಕ ನಿಯಮ ಇದೆ. ಶಾರ್ಟ್ ರೆಸ್ಟ್‌ಗೆ ಎಂಟು ಗಂಟೆ, ಲಾಂಗ್ ರೆಸ್ಟ್‌ಗೆ ಏಳು ದಿನ. ಅದನ್ನು ತಂದೆ. ಈಗ ಒಂದು ವಾರದ ಪ್ರಯಾಣದಲ್ಲಿ ಆರು ಕಾಳಗ ಬಂದರೆ ಅವೆಲ್ಲ ಒಂದೇ "ದಿನ"ದ ಲೆಕ್ಕ. ಕಥೆಯ ಓಟ ಬದಲಾಗಲಿಲ್ಲ. ಸ್ಲಾಟ್‌ಗಳ ಲೆಕ್ಕ ಮಾತ್ರ ಬದಲಾಯಿತು.

ಗೆಳತಿ ಮೊದಲು ಸಿಟ್ಟಾದಳು. ಅವಳ ಸಿಟ್ಟಿಗೆ ಕಾರಣವಿತ್ತು. ಮೇಜ್ ಆರ್ಮರ್ ಎಂಬ ಸ್ಪೆಲ್ ಎಂಟು ಗಂಟೆ ಉಳಿಯುತ್ತದೆ. ಮೊದಲು ಒಂದು ಸ್ಲಾಟ್ ಕೊಟ್ಟರೆ ಇಡೀ ದಿನದ ರಕ್ಷಣೆ ಸಿಗುತ್ತಿತ್ತು. ಈಗ ಅದೇ ಸ್ಲಾಟ್‌ಗೆ ಏಳರಲ್ಲಿ ಒಂದು ಪಾಲು. "ನೀನು ಅವನಿಗೆ ಕೊಡು, ಬೇಡ ಅನ್ನಲ್ಲ. ನನ್ನ ಜೇಬಿನಿಂದ ಯಾಕೆ ತೆಗೀತೀಯ?" ಅಂದಳು. ಸರಿಯಾದ ಮಾತು. ಎಂಟು ಗಂಟೆ ಅಥವಾ ಜಾಸ್ತಿ ಉಳಿಯುವ ಸ್ಪೆಲ್‌ಗಳೆಲ್ಲ ಮುಂದಿನ ಲಾಂಗ್ ರೆಸ್ಟ್‌ವರೆಗೂ ಉಳಿಯಲಿ ಎಂದು ತಿದ್ದಿದೆ. ಈ ನಿಯಮ ತರುವವರು ಇದನ್ನು ಮೊದಲೇ ನೋಡಿಕೊಳ್ಳಿ. ಒಂದು ಕಡೆ ಎಳೆದರೆ ಇನ್ನೆಲ್ಲೋ ನೂಲು ಬಿಚ್ಚುತ್ತದೆ.

ಎರಡನೇ ವಾರದಲ್ಲಿ ಒಂದು ಗೋಪುರ. ಕಿರಿದಾದ ಮೆಟ್ಟಿಲು. ಕೆಳಗಿನಿಂದ ಗಾಬ್ಲಿನ್‌ಗಳು ಅಲೆಅಲೆಯಾಗಿ ಬರುತ್ತಿದ್ದವು. ಗೆಳತಿಯ ಹತ್ತಿರ ಉಳಿದಿದ್ದು ಒಂದೇ ದೊಡ್ಡ ಸ್ಲಾಟ್. ಅದನ್ನು ಮೇಲಿನ ಕೋಣೆಗೆ ಅಂತ ಎತ್ತಿಟ್ಟಿದ್ದಳು. ಅವಳೇ ತಮ್ಮನ ಕಡೆ ತಿರುಗಿ, "ಮೆಟ್ಟಿಲು ನೀನು ನೋಡ್ಕೋತೀಯಾ?" ಅಂದಳು. ಅವನು ಹತ್ತು ಸುತ್ತು ಆ ಮೆಟ್ಟಿಲಲ್ಲಿ ನಿಂತ. ಒಬ್ಬನೂ ಮೇಲೆ ಬರಲಿಲ್ಲ. ಆ ಪ್ರಶ್ನೆ ನಾನು ಹೇಳಿಕೊಟ್ಟಿದ್ದಲ್ಲ. ಅಗತ್ಯದಿಂದ ತಾನಾಗಿ ಬಂತು. ಅದಕ್ಕೇ ಅದರ ಬೆಲೆ.

ಆದರೂ ನೋಟ್‌ಬುಕ್ ಇನ್ನೊಂದು ಮಾತು ಹೇಳುತ್ತಿತ್ತು. ಕಾಳಗ ಇಲ್ಲದ ಹೊತ್ತಲ್ಲಿ ಅವನ ಸಾಲು ಖಾಲಿಯೇ. ವಿಝರ್ಡ್ ಭಾಷೆ ಓದುತ್ತಾಳೆ, ವೇಷ ಬದಲಿಸುತ್ತಾಳೆ. ರೋಗ್ ನುಸುಳುತ್ತಾನೆ. ಫೈಟರ್‌ನ ಶೀಟ್‌ನಲ್ಲಿ ಕ್ಲಾಸ್‌ನಿಂದ ಬಂದ ಹೆಚ್ಚುಕಡಿಮೆ ಪ್ರತಿಯೊಂದು ಸಾಲೂ ಹೊಡೆಯುವುದಕ್ಕೆ ಅಥವಾ ಹೊಡೆತ ತಿನ್ನುವುದಕ್ಕೆ. ಕತ್ತಿ ಹಿಡಿದು ಬದುಕಿದವನಿಗೆ ಬೇರೇನೂ ಗೊತ್ತಿರುವುದಿಲ್ಲವೇ? ಕೋಟೆಯನ್ನು ನೋಡಿದ ತಕ್ಷಣ ಕಾವಲು ಎಲ್ಲಿ ಸಡಿಲ ಅಂತ ಅವನಿಗೆ ತಿಳಿಯಬೇಕು. ಹಾಗಾಗಿ ಒಂದು ನಿಯಮ ಬರೆದೆ. ಫೈಟರ್ ಯಾವುದೇ ಜಾಗವನ್ನು ಅಥವಾ ಪಡೆಯನ್ನು ಕೆಲವು ನಿಮಿಷ ಗಮನಿಸಿದರೆ ನನ್ನನ್ನು ಮೂರು ಪ್ರಶ್ನೆ ಕೇಳಬಹುದು. ಇಲ್ಲಿ ಆಜ್ಞೆ ಕೊಡುವವರು ಯಾರು? ಎಲ್ಲಿ ನುಗ್ಗಿದರೆ ಮುರಿಯುತ್ತದೆ? ಸೋತರೆ ಇವರು ಎಲ್ಲಿಗೆ ಓಡುತ್ತಾರೆ? ದಾಳ ಉರುಳಿಸುವ ಹಾಗಿಲ್ಲ. ನಾನು ನಿಜವನ್ನೇ ಹೇಳಬೇಕು. ಫೈಟರ್‌ನಲ್ಲೇ ಬ್ಯಾಟಲ್ ಮಾಸ್ಟರ್ ಎಂಬ ಉಪವರ್ಗಕ್ಕೆ ಏಳನೇ ಲೆವೆಲ್‌ನಲ್ಲಿ ಎದುರಾಳಿಯನ್ನು ಅಳೆಯುವ ಶಕ್ತಿ ಒಂದಿದೆ. ನನ್ನದು ಅದಕ್ಕಿಂತ ಅಗಲ, ಮೊದಲ ಲೆವೆಲ್‌ನಿಂದಲೇ ಸಿಗುತ್ತದೆ.

ಮೊದಲ ಸಲ ಬಳಸಿದ್ದು ಒಂದು ಡಕಾಯಿತರ ಬೀಡಿನ ಹೊರಗೆ. ಎರಡನೇ ಪ್ರಶ್ನೆಗೆ ನಾನು "ಕುದುರೆ ಲಾಯ" ಅಂದೆ. ಇಡೀ ತಂಡ ತಮ್ಮನ ಕಡೆ ತಿರುಗಿತು. ಅವನು ಪೆನ್ಸಿಲ್ ತೆಗೆದುಕೊಂಡು ನಕ್ಷೆ ಬರೆಯಲು ಶುರುಮಾಡಿದ.

ಇದು ಕ್ಲಾಸ್‌ನ ಕಥೆ. ರೇಸ್‌ನದು ಬೇರೆ ರೀತಿಯ ಗಂಟು.

ಮನುಷ್ಯನನ್ನು ಆರಿಸಿದ್ದು ತಮ್ಮನೇ. 2014ರ ನಿಯಮದಲ್ಲಿ ಸಾಮಾನ್ಯ ಮನುಷ್ಯನಿಗೆ ಆರೂ ಸಾಮರ್ಥ್ಯಗಳಲ್ಲಿ ತಲಾ 1 ಜಾಸ್ತಿ. ಕೇಳುವುದಕ್ಕೆ ದೊಡ್ಡ ದಾನ. ಆದರೆ ಪುಸ್ತಕ ಕೊಡುವ ಸಿದ್ಧ ಅಂಕಿಗಳು 15, 14, 13, 12, 10, 8. ಆಟದಲ್ಲಿ ನಿಜವಾಗಿ ಬಳಸುವುದು ಅದರಿಂದ ಬರುವ ಮಾರ್ಪಾಡನ್ನು, ಅಂದರೆ ದಾಳಕ್ಕೆ ಕೂಡಿಸುವ ಅಂಕವನ್ನು. ಅದು ಏರುವುದು ಸಮಸಂಖ್ಯೆ ಮುಟ್ಟಿದಾಗ ಮಾತ್ರ. 15 ಹೋಗಿ 16 ಆಯಿತು, 13 ಹೋಗಿ 14 ಆಯಿತು. ಆ ಎರಡರಲ್ಲಿ ಲಾಭ. ಉಳಿದ ನಾಲ್ಕು ಕಡೆ ಅಂಕಿ ಬದಲಾಗುತ್ತದೆ, ಆಟ ಬದಲಾಗುವುದಿಲ್ಲ. ಲಾಭ ಬಂದ ಕಡೆಯೂ ಅದು ಇಪ್ಪತ್ತು ಸಲ ದಾಳ ಉರುಳಿಸಿದರೆ ಒಂದು ಸಲ ಫಲಿತಾಂಶ ತಿರುಗಿಸುವಷ್ಟು.

ಎಲ್ಫ್‌ಗೂ ಡ್ವಾರ್ಫ್‌ಗೂ ಕತ್ತಲಲ್ಲಿ 60 ಅಡಿ ಕಣ್ಣು ಕಾಣಿಸುತ್ತದೆ. ಪುಸ್ತಕದಲ್ಲಿ ಇದು ಒಂದು ಪುಟ್ಟ ಸಾಲು. ನಮ್ಮ ಆಟದಲ್ಲಿ ಇದೇ ಎಲ್ಲಕ್ಕಿಂತ ಭಾರವಾಗಿತ್ತು. ಗುಹೆಗೆ ಹೋದಾಗಲೆಲ್ಲ ತಮ್ಮ ಪಂಜು ಹಿಡಿಯಬೇಕು. ಗ್ರೇಟ್‌ಸೋರ್ಡ್‌ಗೆ ಎರಡು ಕೈ ಬೇಕು. ಪಂಜಿಗೆ ಒಂದು ಕೈ ಹೋಯಿತು. ಹೋಗಲಿ, ವಿಝರ್ಡ್ ಅವನ ಕವಚಕ್ಕೆ ಬೆಳಕಿನ ಸ್ಪೆಲ್ ಹಾಕಬಹುದಲ್ಲ? ಹಾಕಿದಳು. ಎರಡೇ ನಿಮಿಷದಲ್ಲಿ ಕ್ಲೆರಿಕ್, "ಆ ಬೆಳಕು ಆರಿಸಿ, ನಾವು ದೂರದಿಂದಲೇ ಕಾಣಿಸ್ತೀವಿ" ಅಂದರು. ಅವರು ಹೇಳಿದ್ದು ಸರಿ. ಹಾಗೆ ನನ್ನ ತಮ್ಮ ಒಂದು ಇಡೀ ಸಂಜೆ ಗೋಡೆ ಹಿಡಿದುಕೊಂಡು ಗುಹೆಯೊಳಗೆ ನಡೆದ. ಇಪ್ಪತ್ತಕ್ಕೆ ಒಂದು ಸಲದ ಲಾಭವನ್ನೂ ಪ್ರತಿ ಕೋಣೆಯ ಲಾಭವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಹೀಗೇ ಆಗುವುದು.

ಹಕ್ಕಿಮನುಷ್ಯನ ವಿಷಯದಲ್ಲಿ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಅವನು ಮೊದಲ ಲೆವೆಲ್‌ನಿಂದಲೇ ಸರದಿಗೆ 50 ಅಡಿ ಹಾರುತ್ತಾನೆ. ಕಂದಕ, ಗೋಡೆ, ನದಿ ಯಾವುದೂ ಅವನಿಗೆ ಅಡ್ಡಿಯಲ್ಲ. ಇದಕ್ಕೆ ಎದುರಾಗಿ ನಾನೊಂದು ಕೊರತೆ ಕಟ್ಟಿದೆ. ನೆಲದಡಿ, ಮುಚ್ಚಿದ ಜಾಗದಲ್ಲಿ ಅವನಿಗೆ ಭಯ, ಎಲ್ಲ ದಾಳವೂ ಅನನುಕೂಲದಲ್ಲಿ, ಅಂದರೆ ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನೇ ಇಟ್ಟುಕೊಳ್ಳಬೇಕು. ಕಾಗದದ ಮೇಲೆ ಚೆನ್ನಾಗಿ ಕಂಡಿತು. ಆಮೇಲೆ ಕಥೆ ಎರಡು ತಿಂಗಳು ಬಯಲಲ್ಲೇ ಸಾಗಿತು. ಅವನು ಹಾರಿದ್ದೇ ಹಾರಿದ್ದು, ಕೊರತೆ ಎಂದೂ ಎದುರಿಗೆ ಬರಲಿಲ್ಲ. ಆಮೇಲೆ ಒಂದು ಗಣಿಗೆ ಇಳಿದರು. ಮೂರು ಸೆಷನ್ ಆ ಹುಡುಗ ಏನು ಮಾಡಿದರೂ ಸೋತ. ಎರಡು ತಿಂಗಳ ಸುಖವನ್ನೂ ಮೂರು ವಾರದ ದುಃಖವನ್ನೂ ಕೂಡಿಸಿ ಭಾಗಿಸಿದರೆ ಸರಾಸರಿ ಸಮ ಬರಬಹುದು. ಆದರೆ ಸರಾಸರಿಯನ್ನು ಯಾರೂ ಆಡುವುದಿಲ್ಲ. ಆಡುವುದು ಇವತ್ತಿನ ಸಂಜೆಯನ್ನು.

ಈ ತಪ್ಪು ಆಟದಷ್ಟೇ ಹಳೆಯದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಮೊದಲ ಆವೃತ್ತಿ ತಂದಾಗ ಡ್ವಾರ್ಫ್ ಆರನೇ ಲೆವೆಲ್‌ಗೆ ನಿಂತುಬಿಡುತ್ತಿದ್ದ. ಎಲ್ಫ್ ಯೋಧನಾಗಿ ನಾಲ್ಕು, ಮಾಂತ್ರಿಕನಾಗಿ ಎಂಟು. ಮನುಷ್ಯನಿಗೆ ಮಾತ್ರ ಮಿತಿ ಇರಲಿಲ್ಲ. ಮೊದಲು ಕೊಟ್ಟ ಲಾಭಕ್ಕೆ ಕೊನೆಯಲ್ಲಿ ಬೆಲೆ ವಸೂಲಿ. ಮಿತಿ ಬರುವವರೆಗೂ ಎಲ್ಫ್‌ಗೆ ಯಾವ ನಷ್ಟವೂ ಇಲ್ಲ. ಮಿತಿ ಬಂದ ಮೇಲೆ ಅವನಿಗೆ ಮುಂದೆ ಬೆಳೆಯುವ ದಾರಿಯೇ ಇಲ್ಲ. ನನ್ನ ಗಣಿಯ ಭಯವೂ ಇದೇ ಜಾತಿಯದ್ದು. 1981ರ ಬೇಸಿಕ್ ನಿಯಮಗಳಲ್ಲಿ ಎಲ್ಫ್ ಅನ್ನುವುದೇ ಒಂದು ಕ್ಲಾಸ್. ಅಲ್ಲಿ ಇನ್ನೊಂದು ದಾರಿಯೂ ಇತ್ತು, ಅದು ನನಗೆ ಜಾಸ್ತಿ ಇಷ್ಟ. ಎರಡನೇ ಲೆವೆಲ್ ಮುಟ್ಟಲು ಕಳ್ಳನಿಗೆ 1,200 ಅನುಭವದ ಅಂಕ ಸಾಕು, ಫೈಟರ್‌ಗೆ 2,000, ಎಲ್ಫ್‌ಗೆ 4,000. ಕತ್ತಿಯೂ ಬೇಕು ಮಂತ್ರವೂ ಬೇಕು ಅಂದವನು ಮೊದಲ ದಿನದಿಂದಲೇ ಬೆಲೆ ಕಟ್ಟುತ್ತಾ ಹೋಗುತ್ತಾನೆ. ಅಷ್ಟಾದರೂ ಪ್ರಾಮಾಣಿಕ.

ಹಾರುವುದಕ್ಕೆ ನಾನು ಕೊನೆಗೆ ಇಟ್ಟ ನಿಯಮ ಸರಳ. ನಾಲ್ಕನೇ ಲೆವೆಲ್‌ವರೆಗೆ ಸರದಿ ಮುಗಿಯುವಾಗ ನೆಲ ಮುಟ್ಟಬೇಕು. ಐದರಿಂದ ಪೂರ್ತಿ ಸ್ವಾತಂತ್ರ್ಯ. ಐದೇ ಯಾಕೆ ಅಂದರೆ, ವಿಝರ್ಡ್‌ಗೆ ಹಾರುವ ಸ್ಪೆಲ್ ಸಿಗುವುದೂ ಐದನೇ ಲೆವೆಲ್‌ನಲ್ಲೇ. ಬೇರೆಯವರಿಗೆ ಸಿಗುವ ಹೊತ್ತಿಗೆ ಅವನಿಗೂ ಸಿಗಲಿ, ಮೊದಲು ಅದರ ರುಚಿ ಸಿಕ್ಕರೆ ಸಾಕು. ನಮ್ಮ ಹುಡುಗ ಆಗಲೇ ಐದು ದಾಟಿದ್ದರಿಂದ ಅವನ ಭಯವನ್ನು ತೆಗೆದುಹಾಕಿದೆ, ಅಷ್ಟೇ. ಹೊಸ ನಿಯಮ ಮುಂದೆ ಬರುವವರಿಗೆ.

ಮನುಷ್ಯನಿಗೆ ಕೊಟ್ಟಿದ್ದು ಇದು: ಸೆಷನ್‌ಗೆ ಒಂದು ಸಲ, ತನ್ನದಾಗಲಿ ಜೊತೆಗಾರರದಾಗಲಿ, ಯಾವುದೇ ದಾಳವನ್ನು ಮತ್ತೆ ಉರುಳಿಸಬಹುದು. ಇಲ್ಲಿ ಮುಖ್ಯವಾದ ಮಾತು "ಸೆಷನ್‌ಗೆ" ಅನ್ನೋದು. ಕಥೆಯ ದಿನ ಉದ್ದವಾಗಬಹುದು, ಚಿಕ್ಕದಾಗಬಹುದು. ಆದರೆ ನಾವು ಮೇಜಿನ ಸುತ್ತ ಕೂತ ಪ್ರತಿ ಸಂಜೆ ಆ ಶಕ್ತಿ ಒಂದು ಸಲ ಎದ್ದು ಬರುತ್ತದೆ. ಈಗ ಯಾರಿಗಾದರೂ 2 ಬಿದ್ದರೆ ಎಲ್ಲರ ಕಣ್ಣು ಮೊದಲು ಹೋಗುವುದು ತಮ್ಮನ ಕಡೆಗೆ.

ಒಂದು ಅಂಕದ ಬಗ್ಗೆ ಇಷ್ಟು ಹಗುರವಾಗಿ ಮಾತಾಡಿದೆ, ಆದರೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. 2014ರ ನಿಯಮದಲ್ಲಿ ಹೈ ಎಲ್ಫ್ ವಿಝರ್ಡ್ ಬುದ್ಧಿಯಲ್ಲಿ 16ರಿಂದ ಶುರು ಮಾಡಬಹುದು. ಡ್ವಾರ್ಫ್ ವಿಝರ್ಡ್ 15ಕ್ಕೇ ನಿಲ್ಲುತ್ತಾನೆ. ವ್ಯತ್ಯಾಸ ಇಪ್ಪತ್ತಕ್ಕೆ ಒಂದು. ಆಟ ಶುರುವಾದ ಮೇಲೆ ಯಾರಿಗೂ ಗೊತ್ತಾಗದಷ್ಟು. ಆದರೆ ಪಾತ್ರ ಕಟ್ಟುವ ದಿನ ಆ ಒಂದು ಅಂಕ ಎಲ್ಲರ ಕೈ ಹಿಡಿದು ಒಂದೇ ಕಡೆಗೆ ಎಳೆಯುತ್ತದೆ. ಕಮ್ಮಾರನ ಮಗಳಾದ ಡ್ವಾರ್ಫ್ ಮಂತ್ರಗಾತಿ ಹುಟ್ಟುವ ಮೊದಲೇ ಸತ್ತುಹೋಗುತ್ತಾಳೆ. 2020ರಲ್ಲಿ ಈ ಅಂಕಗಳನ್ನು ಬೇಕಾದ ಕಡೆ ಹಾಕಿಕೊಳ್ಳುವ ಐಚ್ಛಿಕ ನಿಯಮ ಬಂತು. 2024ರ ಪುಸ್ತಕದಲ್ಲಿ ಅವು ಪಾತ್ರದ ಹಿನ್ನೆಲೆಗೆ ಹೋದವು. ರೇಸ್ ಅನ್ನೋ ಪದವೂ ಹೋಗಿ ಸ್ಪೀಶೀಸ್ ಬಂತು. ಈ ಬದಲಾವಣೆ ನನಗೆ ಮನಸಾರೆ ಒಪ್ಪಿಗೆ. ಎಲ್ಫ್ ಅನ್ನುವವನು ಲೋಕವನ್ನು ಹೇಗೆ ನೋಡುತ್ತಾನೆ ಅನ್ನೋದನ್ನು ಅವನ ಕಣ್ಣು, ಆಯಸ್ಸು, ನಿದ್ದೆಯಿಲ್ಲದ ರಾತ್ರಿಗಳು ಹೇಳಲಿ. ಒಂದು ಕೂಡು ಚಿಹ್ನೆ ಹೇಳುವುದು ಬೇಡ.

ರೇಂಜರ್, ಅಂದರೆ ಕಾಡುಮೇಡು ಬಲ್ಲ ಬೇಟೆಗಾರನ ಕ್ಲಾಸ್, ಅದರ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಮಧ್ಯದಲ್ಲಿ ನಾಲ್ಕು ವಾರ ಐದನೆಯ ಆಟಗಾರ ಒಬ್ಬ ಬಂದಿದ್ದ, 2014ರ ರೇಂಜರ್ ಹಿಡಿದುಕೊಂಡು. ತನ್ನ ಮೆಚ್ಚಿನ ನೆಲದಲ್ಲಿ ಪ್ರಯಾಣ ಮಾಡುವಾಗ ಅವನ ತಂಡ ಮಂತ್ರದಿಂದಲ್ಲದೆ ದಾರಿ ತಪ್ಪುವುದೇ ಇಲ್ಲ. ಆಹಾರ ಹುಡುಕಿದರೆ ಎರಡು ಪಟ್ಟು. ನಾನು ಕಾಡಿನ ಪ್ರಯಾಣಕ್ಕೆ ಮೂರು ಸಂಜೆಗಾಗುವಷ್ಟು ಸಿದ್ಧತೆ ಮಾಡಿಕೊಂಡಿದ್ದೆ. ಮೆಚ್ಚಿನ ನೆಲ ಕಾಡೇ ಆಗಿತ್ತು. "ನೀವು ಸುರಕ್ಷಿತವಾಗಿ ಕಾಡು ದಾಟಿದಿರಿ" ಎಂಬ ಒಂದೇ ವಾಕ್ಯದಲ್ಲಿ ಮುಗಿಯಿತು. ನೋಟ್‌ಬುಕ್‌ನಲ್ಲಿ ಅವನಿಗೆ ಒಂದು ಗೆರೆ. ಅಷ್ಟು ದೊಡ್ಡ ಶಕ್ತಿಗೆ ಒಂದೇ ಒಂದು. ಕಾಡು ಗೊತ್ತಿರುವವನಿಗೆ ಕಾಡಿನಲ್ಲಿ ಆಡಲು ಏನೂ ಉಳಿಯಲಿಲ್ಲ. ಆಮೇಲೆ ಆ ನಿಯಮವನ್ನು ತಿರುಗಿಸಿದೆ: ರೇಂಜರ್ ಇದ್ದರೆ ಕಾಡಿನಲ್ಲಿ ಯಾವಾಗಲೂ ಎರಡು ದಾರಿ ಕಾಣುತ್ತವೆ, ಒಂದು ಹತ್ತಿರದ್ದು, ಒಂದು ಸುರಕ್ಷಿತವಾದದ್ದು, ಎರಡರಲ್ಲೂ ಏನಿದೆ ಅಂತ ಅವನಿಗೆ ಗೊತ್ತು. ಆರಿಸುವುದು ಅವನ ಕೈಯಲ್ಲಿ. ಶಕ್ತಿ ಕಡಿಮೆಯಾಯಿತು, ಗೆರೆಗಳು ಜಾಸ್ತಿಯಾದವು.

ಎಲ್ಲವನ್ನೂ ತಿದ್ದಲು ನಾನು ಹೋಗುವುದಿಲ್ಲ. ಎರಡು ಮೂರು ಅಂಕದ ಏಟಿನ ವ್ಯತ್ಯಾಸ ಇದ್ದರೆ ಬಿಟ್ಟುಬಿಡುತ್ತೇನೆ. 17ನೇ ಲೆವೆಲ್‌ನಲ್ಲಿ ಸಿಗುವ, ಬಯಸಿದ್ದನ್ನು ಕೊಡುವ ವಿಷ್ ಸ್ಪೆಲ್ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ, ನಮ್ಮ ಕಥೆ ಒಂಬತ್ತನೇ ಲೆವೆಲ್‌ಗೇ ಮುಗಿಯಿತು.

ಬಿಡಿಸಲಾಗದ ಗಂಟು ಒಂದು ಉಳಿದಿದೆ. ಕ್ಲೆರಿಕ್‌ನದು. ಕೊನೆಯ ಸೆಷನ್ ಆದ ಮೇಲೆ ನೋಟ್‌ಬುಕ್ ಎಲ್ಲರಿಗೂ ತೋರಿಸಿದೆ. ಸಹೋದ್ಯೋಗಿಯ ಸಾಲಿನಲ್ಲಿ ಸಾಕಷ್ಟು ಗೆರೆ ಇದ್ದವು, ತಮ್ಮನಿಗಿಂತ ಜಾಸ್ತಿ. ನಾನು ಸಮಾಧಾನದಲ್ಲಿದ್ದೆ. ಅವರು ಪುಟವನ್ನು ಸ್ವಲ್ಪ ಹೊತ್ತು ನೋಡಿ, "ಇವೆಲ್ಲ ನಾನು ಯಾರನ್ನೋ ಎಬ್ಬಿಸಿದ ಗೆರೆಗಳು. ಎದ್ದ ಮೇಲೆ ಆಡಿದ್ದು ಅವರು. ನೀವು ಇದನ್ನು ಎಣಿಸಿದ್ದೀರಿ, ನನಗೆ ಮಾತ್ರ ಹಾಗೆ ಅನ್ನಿಸಲಿಲ್ಲ" ಅಂದರು.

ನನ್ನ ಲೆಕ್ಕ ಅಲ್ಲಿ ಸೋತಿತು. ಹೀಲಿಂಗ್ ವರ್ಡ್ ಹೇಳಲು ಒಂದು ಬೋನಸ್ ಆಕ್ಷನ್, ನಾಲ್ಕು ಮುಖದ ಒಂದು ದಾಳ, 60 ಅಡಿ ದೂರದಿಂದ ಬಿದ್ದವನು ಏಳುತ್ತಾನೆ. ಆಟದಲ್ಲಿ ಅದಕ್ಕಿಂತ ಬೆಲೆಬಾಳುವ ಸ್ಪೆಲ್ ಕಡಿಮೆ. ಆದರೂ ಅದನ್ನು ಹೇಳಿದವರ ಕೈ ಖಾಲಿ. ಮುಂದಿನ ಕಥೆಗೆ ನಾನೂ ಆ ಸಹೋದ್ಯೋಗಿಯೂ ಕೂತು ಒಂದು ನಿಯಮ ಬರೆದಿದ್ದೇವೆ. ಪ್ರಾಣಬಲ ಸೊನ್ನೆಯಾಗಿ ಬಿದ್ದವನನ್ನು ಎಬ್ಬಿಸುವಾಗ ಕ್ಲೆರಿಕ್ ಅವನಿಗೆ ಒಂದು ಮಾತು ಹೇಳಬೇಕು, ಏನು ಮಾಡಬೇಕು ಅಂತ. ಎದ್ದವನು ತನ್ನ ಸರದಿಯಲ್ಲಿ ಅದನ್ನೇ ಮಾಡಿದರೆ ಇಬ್ಬರೂ ದಾಳ ಉರುಳಿಸಿ ಒಳ್ಳೆಯದನ್ನು ಇಟ್ಟುಕೊಳ್ಳಬಹುದು. ಬೇರೆ ಏನಾದರೂ ಮಾಡಿದರೆ ಲಾಭ ಇಲ್ಲ, ನಷ್ಟವೂ ಇಲ್ಲ. ಎದ್ದವನನ್ನು ಆಳಿದಂತಾಗುತ್ತದೆಯೇ ಎಂಬ ಅಳುಕು ನನಗಿದೆ. ಗೆಳತಿಗೂ ಇದೆ. ತಮ್ಮನಿಗೆ ಮಾತ್ರ ಇಲ್ಲ. ಈ ಸಲ ಕ್ಲೆರಿಕ್ ಆಡುವವನು ಅವನೇ. ಶನಿವಾರ ಮೊದಲ ಸೆಷನ್.